ಬ್ಯಾಡಗಿ ಗೋದಾಮಿನಿಂದ ಅಂಗಡಿವರೆಗೆ: ವ್ಯಾಪಾರದ ಹರಿವನ್ನು ಸ್ಯಾಂಕಿ ಚಿತ್ರದಲ್ಲಿ ಬಿಡಿಸುವುದು ಹೇಗೆ?

ಫೆಬ್ರವರಿ ಮುಗಿದ ವಾರ ಬ್ಯಾಡಗಿಯಿಂದ ನಮ್ಮ ಕಾಕಾ ಫೋನ್ ಮಾಡಿದರು. ಅವರದು ಸಣ್ಣ ಖಾರಪುಡಿ ಗಿರಣಿ. ಮಾರುಕಟ್ಟೆಯ ದಿನ ಮೆಣಸಿನಕಾಯಿ ಲಾಟ್ ಹಿಡಿಯುತ್ತಾರೆ, ಒಣಗಿಸುತ್ತಾರೆ, ತೊಟ್ಟು ಬಿಡಿಸುತ್ತಾರೆ, ಪುಡಿ ಮಾಡಿ ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುತ್ತಾರೆ.

"ತಮ್ಮಾ, ಹತ್ತು ಸಾವಿರ ಕಿಲೋ ಕಾಯಿ ತಗೊಂಡೀನಿ. ಮಾರಿದ್ದು, ಉಳಿದಿದ್ದು ಎಲ್ಲಾ ಕೂಡಿಸಿದ್ರೂ ಲೆಕ್ಕ ಹತ್ತವಲ್ದು. ನಿನ್ನ ಕಂಪ್ಯೂಟರಿಗೆ ಏನರ ತಿಳಿತೈತೇನ ನೋಡು."

ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು ಇಂಥ ಪುಸ್ತಕಗಳನ್ನು ದಿನಾ ನೋಡುತ್ತೇನೆ. ಆದರೆ ಅಂದು ಲೆಕ್ಕ ಹಿಡಿದುಕೊಟ್ಟಿದ್ದು ಒಂದು ಚಿತ್ರ. ಆ ಚಿತ್ರ ಬಿಡಿಸುವ ಕ್ರಮವನ್ನು ಇಲ್ಲಿ ಮೊದಲಿನಿಂದ ಬರೆಯುತ್ತಿದ್ದೇನೆ. ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ದುಂಡಾಗಿಸಿದ್ದೇನೆ. ನಿಮ್ಮದು ಮೆಣಸಿನಕಾಯಿ ಆಗಿರದಿದ್ದರೂ ನಡೆಯುತ್ತದೆ.

ಇದು ಕಾಲುವೆಯ ನಕ್ಷೆ ಇದ್ದ ಹಾಗೆ

ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆ ನೋಡಿದವರಿಗೆ ಸ್ಯಾಂಕಿ ಚಿತ್ರ ಬೇಗ ಅರ್ಥವಾಗುತ್ತದೆ. ದೊಡ್ಡ ಕಾಲುವೆ ಕವಲೊಡೆದು ಸಣ್ಣದಾಗುತ್ತದೆ, ಸಣ್ಣದು ಇನ್ನೂ ಸಣ್ಣದಾಗಿ ಹೊಲ ಸೇರುತ್ತದೆ. ಸ್ಯಾಂಕಿ ಚಿತ್ರದಲ್ಲೂ ಹಾಗೇ. ಎಡಗಡೆಯಿಂದ ಪಟ್ಟಿಗಳು ಹೊರಟು ಬಲಗಡೆಗೆ ಹರಿಯುತ್ತವೆ. ಪಟ್ಟಿಯ ಅಗಲವೇ ಪ್ರಮಾಣ. 2,000 ಕಿಲೋ ಪಟ್ಟಿ 1,000 ಕಿಲೋ ಪಟ್ಟಿಗಿಂತ ಸರಿಯಾಗಿ ಎರಡು ಪಟ್ಟು ಅಗಲ ಇರಬೇಕು. ಪಟ್ಟಿಗಳು ಬಂದು ಸೇರುವ, ಒಡೆಯುವ ಜಾಗಕ್ಕೆ ಸಾಫ್ಟ್‌ವೇರ್‌ಗಳಲ್ಲಿ ನೋಡ್ ಅಂತಾರೆ. ನಾನು ಇಲ್ಲಿ ನಿಲ್ದಾಣ ಅನ್ನುತ್ತೇನೆ.

ಮುಖ್ಯವಾದ ನಿಯಮ ಒಂದೇ: ಒಂದು ನಿಲ್ದಾಣಕ್ಕೆ ಎಷ್ಟು ಬಂತೋ ಅಷ್ಟೇ ಅಲ್ಲಿಂದ ಹೊರಡಬೇಕು. ಸೋರಿದ್ದು, ಆವಿಯಾದದ್ದು, ಕಸಕ್ಕೆ ಹೋದದ್ದು, ಅದಕ್ಕೂ ಒಂದು ಪಟ್ಟಿ ಬೇಕು. ಉಳಿದ ಯಾವ ಚಾರ್ಟೂ ನಮ್ಮನ್ನು ಹೀಗೆ ಹಿಡಿದು ನಿಲ್ಲಿಸಿ ಲೆಕ್ಕ ಕೇಳುವುದಿಲ್ಲ. ನನಗೆ ಇದು ಇಷ್ಟವಾಗುವುದೇ ಅದಕ್ಕೆ.

ಹೆಸರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಸ್ಯಾಂಕಿ ಕೆರೆಗೂ ಇದಕ್ಕೂ ಸಂಬಂಧ ಇಲ್ಲ. ಆ ಕೆರೆ 1882ರಲ್ಲಿ ಕಟ್ಟಿಸಿದ ಕರ್ನಲ್ ರಿಚರ್ಡ್ ಸ್ಯಾಂಕಿಯವರ ಹೆಸರಿನದು. ಈ ಚಿತ್ರ ಕ್ಯಾಪ್ಟನ್ ಮ್ಯಾಥ್ಯೂ ಸ್ಯಾಂಕಿ ಅನ್ನುವ ಐರಿಷ್ ಇಂಜಿನಿಯರ್ ಹೆಸರಿನದು. 1898ರಲ್ಲಿ ಅವರು ಉಗಿ ಇಂಜಿನ್ನಿನಲ್ಲಿ ಶಾಖ ಎಲ್ಲೆಲ್ಲಿ ಪೋಲಾಗುತ್ತದೆ ಅಂತ ಹೀಗೆ ಬಿಡಿಸಿ ತೋರಿಸಿದರು. ಅವರಿಗಿಂತ ಮುಂಚೆ, 1869ರಲ್ಲಿ, ಫ್ರಾನ್ಸಿನ ಶಾರ್ಲ್ ಮಿನಾರ್ ಇದೇ ಉಪಾಯದಿಂದ ನೆಪೋಲಿಯನ್ನನ 1812ರ ರಷ್ಯಾ ದಂಡಯಾತ್ರೆ ಬಿಡಿಸಿದ್ದರು. ಹೊರಡುವಾಗ 4,22,000 ಸೈನಿಕರ ದಪ್ಪ ಪಟ್ಟಿ, ತಿರುಗಿ ಬರುವಾಗ 10,000 ಜನರ ಎಳೆ. ಒಂದು ನೋಟಕ್ಕೇ ಎದೆ ಝಲ್ ಅನ್ನುತ್ತದೆ.

ಮೊದಲು ಮೂರು ತೀರ್ಮಾನ

ಕಂಪ್ಯೂಟರ್ ಮುಟ್ಟುವ ಮುಂಚೆ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ.

ಪ್ರಶ್ನೆ ಏನು? "ನಮ್ಮ ವ್ಯಾಪಾರ ಹೇಗಿದೆ" ಅನ್ನುವುದು ಪ್ರಶ್ನೆ ಅಲ್ಲ. "ಕೊಂಡ ಕಾಯಿ ಎಲ್ಲೆಲ್ಲಿ ಹೋಯಿತು" ಅನ್ನುವುದು ಪ್ರಶ್ನೆ.

ಅಳತೆ ಯಾವುದು? ಕಿಲೋ ಅಂದರೆ ಕೊನೆವರೆಗೂ ಕಿಲೋ. ರೂಪಾಯಿ ಅಂದರೆ ಕೊನೆವರೆಗೂ ರೂಪಾಯಿ. ಕೊಂಡದ್ದು ಕ್ವಿಂಟಾಲಿನಲ್ಲಿ, ಬಿಡಿಸಿದ್ದು ಚೀಲದಲ್ಲಿ, ಮಾರಿದ್ದು ರೂಪಾಯಿಯಲ್ಲಿ ಇರುತ್ತದೆ, ಅಲ್ವಾ? ಎಲ್ಲವನ್ನೂ ಒಂದಕ್ಕೆ ತಂದ ಮೇಲೇ ಮುಂದಿನ ಮಾತು.

ಅವಧಿ ಎಷ್ಟು? ತಿಂಗಳು ಹಿಡಿದರೆ ತಿಂಗಳ ಮೊದಲ ದಿನ ಗೋದಾಮಿನಲ್ಲಿದ್ದ ಮಾಲು ಎಡಗಡೆ ಒಂದು ಮೂಲವಾಗಿ ಬರಬೇಕು, ಕೊನೆಯ ದಿನ ಉಳಿದದ್ದು ಬಲಗಡೆ ಬರಬೇಕು. ಬಹಳ ಜನ ಮರೆಯುವುದು ಈ ಆರಂಭದ ದಾಸ್ತಾನನ್ನೇ. ಕಾಕಾನ ಲೆಕ್ಕದಲ್ಲಿ ಆ ತೊಂದರೆ ಇರಲಿಲ್ಲ. ಸುಗ್ಗಿ ಶುರುವಾಗುವ ಮುಂಚೆ ಗೋದಾಮು ಖಾಲಿ ಮಾಡಿ ಸುಣ್ಣ ಹೊಡೆಸಿದ್ದರು.

ಮಾಲಿನ ಹಿಂದೆ ನಡೆದು ನೋಡಿ

ಪುಸ್ತಕ ತೆರೆಯುವ ಮುಂಚೆ ಜಾಗಕ್ಕೆ ಹೋಗಿ. ನಾನು ಒಂದು ಭಾನುವಾರ ಬ್ಯಾಡಗಿಗೆ ಹೋಗಿ ಒಂದು ಚೀಲದ ಹಿಂದೆ ನಡೆದೆ. ಲಾರಿಯಿಂದ ಹಮಾಲರು ಇಳಿಸುತ್ತಾರೆ. ಒಂದಿಷ್ಟು ಚೀಲ ಬಿಚ್ಚದೇ ನೇರ ಕೋಲ್ಡ್ ಸ್ಟೋರೇಜಿಗೆ ಹೋಗುತ್ತವೆ. ಉಳಿದದ್ದು ಕಣದಲ್ಲಿ ಕೆಂಪಗೆ ಹರಡಿಕೊಳ್ಳುತ್ತದೆ. ಒಣಗಿದ ಮೇಲೆ ಮತ್ತೆ ಚೀಲಕ್ಕೆ ತುಂಬಿ, ತೂಕ ಮಾಡಿ, ಪಡಸಾಲೆಗೆ ಸಾಗಿಸುತ್ತಾರೆ. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಬಣ್ಣ ಹೋದ ಬಿಳಿ ಕಾಯಿ ಒಂದು ಕಡೆ, ಇಡಿಯಾಗಿ ಮಾರುವ ಉದ್ದನೆಯ ಕಡ್ಡಿ ಒಂದು ಕಡೆ, ಗಿರಣಿಗೆ ಹೋಗುವುದು ಇನ್ನೊಂದು ಕಡೆ. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಡಬ್ಬಿ ಕಾಯಿ ಗಿಡ್ಡ, ಸುಕ್ಕು ಜಾಸ್ತಿ, ಒಳಗೆ ಬೀಜವೂ ಜಾಸ್ತಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಈ ಬಣ್ಣ, ಈ ಸುಕ್ಕಿನ ಗುಣಕ್ಕೇ.

ಹೀಗೆ ನಡೆಯುವಾಗ ಕೈಯಲ್ಲಿ ಒಂದು ಹಾಳೆ ಇರಲಿ. ಮಾಲು ಕೈ ಬದಲಾಯಿಸುವ ಅಥವಾ ರೂಪ ಬದಲಾಯಿಸುವ ಪ್ರತಿ ಜಾಗಕ್ಕೂ ಒಂದು ಚೌಕ ಹಾಕಿ, ಬಾಣ ಎಳೆಯಿರಿ. ಅಂಕಿ ಈಗಲೇ ಬೇಡ. ನನ್ನ ಹಾಳೆಯಲ್ಲಿ ಕಸ ಅನ್ನುವ ಚೌಕ ಬಂದಿದ್ದೇ ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಗುಡ್ಡೆ ಕಂಡ ಮೇಲೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಕಾಲಂ ಇರಲೇ ಇಲ್ಲ.

ಮೂರು ಕಾಲಂ ಸಾಕು

ಈಗ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆಯಿರಿ. ಮೂರೇ ಕಾಲಂ: ಎಲ್ಲಿಂದ, ಎಲ್ಲಿಗೆ, ಎಷ್ಟು. ಚೀಟಿಗಳನ್ನು ಒಂದೊಂದಾಗಿ ಸಾಲಿಗೆ ಇಳಿಸಿ. ನೂರು ಸಾಲು ಆದರೂ ಚಿಂತೆ ಇಲ್ಲ, ಪಿವೋಟ್ ಟೇಬಲ್ ಮಾಡಿ "ಎಲ್ಲಿಂದ", "ಎಲ್ಲಿಗೆ" ಎರಡನ್ನೂ ಸಾಲುಗಳಲ್ಲಿ ಹಾಕಿ "ಎಷ್ಟು" ಅನ್ನು ಕೂಡಿಸಿದರೆ ಒಂದೊಂದು ಹರಿವಿಗೆ ಒಂದೊಂದು ಸಾಲು ಉಳಿಯುತ್ತದೆ. ಕಾಕಾನ ಪುಸ್ತಕದಿಂದ ಮೊದಲು ಬಂದದ್ದು ಇದು:

| ಎಲ್ಲಿಂದ | ಎಲ್ಲಿಗೆ | ಕಿಲೋ |
|---|---|---|
| ಮಾರುಕಟ್ಟೆ | ಗೋದಾಮು | 7,200 |
| ರೈತರಿಂದ ನೇರ | ಗೋದಾಮು | 2,800 |
| ಗೋದಾಮು | ಕೋಲ್ಡ್ ಸ್ಟೋರೇಜ್ | 2,000 |
| ಗೋದಾಮು | ಒಣಗಿ ಹೋದ ತೇವ | 400 |
| ಗೋದಾಮು | ಪಡಸಾಲೆ | 7,600 |
| ಪಡಸಾಲೆ | ತೊಟ್ಟು | 600 |
| ಪಡಸಾಲೆ | ಬಿಳಿ ಕಾಯಿ | 350 |
| ಪಡಸಾಲೆ | ಮಣ್ಣು, ಕಸ | 90 |
| ಪಡಸಾಲೆ | ಇಡಿ ಕಾಯಿ ಮಾರಾಟ | 1,500 |
| ಪಡಸಾಲೆ | ಗಿರಣಿ | 4,700 |
| ಗಿರಣಿ | ಗಿರಣಿಯಲ್ಲಿ ಹಾರಿದ್ದು | 110 |
| ಗಿರಣಿ | ಖಾರಪುಡಿ | 4,590 |
| ಖಾರಪುಡಿ | ಹುಬ್ಬಳ್ಳಿ ಅಂಗಡಿಗಳು | 2,100 |
| ಖಾರಪುಡಿ | ಬೆಂಗಳೂರು | 1,690 |
| ಖಾರಪುಡಿ | ಉಳಿದ ದಾಸ್ತಾನು | 800 |

ಹೆಸರುಗಳ ವಿಷಯದಲ್ಲಿ ಹುಷಾರು. ಒಂದು ಕಡೆ "ಗೋದಾಮು", ಇನ್ನೊಂದು ಕಡೆ "ಗೋಡೌನ್" ಅಂತ ಬರೆದರೆ ಸಾಫ್ಟ್‌ವೇರ್ ಅವನ್ನು ಎರಡು ಬೇರೆ ನಿಲ್ದಾಣ ಅಂದುಕೊಳ್ಳುತ್ತದೆ. ಹೆಸರನ್ನು ಒಮ್ಮೆ ಟೈಪ್ ಮಾಡಿ, ಆಮೇಲೆ ಕಾಪಿ ಮಾಡಿ ಅಂಟಿಸುವುದೇ ಕ್ಷೇಮ. ಇನ್ನೊಂದು, ನಮ್ಮ ಕಡೆ ಹಳೆಯ ಕಡತಗಳು ಹಳೆ ನುಡಿ ಅಥವಾ ಬರಹ ಫಾಂಟಿನಲ್ಲಿ ಇರುತ್ತವೆ. ಅದನ್ನು ಹಾಗೇ ಅಂಟಿಸಿದರೆ ಚಿತ್ರದಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಬಂದದ್ದು, ಹೋದದ್ದು ತಾಳೆ ನೋಡಿ

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಪಕ್ಕದಲ್ಲಿ ಇನ್ನೊಂದು ಟೇಬಲ್ ಮಾಡಿ. ಒಂದೊಂದು ನಿಲ್ದಾಣದ ಎದುರು ಎರಡು ಸಮ್‌ಇಫ್ ಸೂತ್ರ: "ಎಲ್ಲಿಗೆ" ಕಾಲಂನಲ್ಲಿ ಆ ಹೆಸರು ಇದ್ದಲ್ಲಿ ಕಿಲೋ ಕೂಡಿಸು, ಅದು ಬಂದದ್ದು. "ಎಲ್ಲಿಂದ" ಕಾಲಂನಲ್ಲಿ ಇದ್ದಲ್ಲಿ ಕೂಡಿಸು, ಅದು ಹೋದದ್ದು. ಮೂರನೇ ಕಾಲಂ ಎರಡರ ವ್ಯತ್ಯಾಸ. ತೀರ ಎಡಗಡೆಯ ಮೂಲ ಮತ್ತು ತೀರ ಬಲಗಡೆಯ ಕೊನೆ ಬಿಟ್ಟರೆ, ನಡುವಿನ ಎಲ್ಲಾ ನಿಲ್ದಾಣದಲ್ಲೂ ವ್ಯತ್ಯಾಸ ಸೊನ್ನೆ ಬರಬೇಕು.

ಗೋದಾಮು ಸೊನ್ನೆ ಬಂತು. ಗಿರಣಿ ಸೊನ್ನೆ. ಖಾರಪುಡಿ ಸೊನ್ನೆ. ಪಡಸಾಲೆಗೆ ಬಂದದ್ದು 7,600, ಹೋದದ್ದು 7,240. 360 ಕಿಲೋ ಕಾಣೆ.

ಇಂಥ ಹೊತ್ತಿನಲ್ಲಿ "ಇತರೆ ನಷ್ಟ 360" ಅಂತ ಒಂದು ಸಾಲು ಸೇರಿಸಿ ಮುಗಿಸುವ ಆಸೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಸದ್ಯಕ್ಕೆ "ಲೆಕ್ಕ ಸಿಗದ್ದು" ಅಂತ ಹೆಸರಿಟ್ಟು, ಕಣ್ಣಿಗೆ ಹೊಡೆಯುವ ಬಣ್ಣ ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಬಿಡಿ. ಆಮೇಲೆ ಆ ನಿಲ್ದಾಣದಲ್ಲಿ ಕೆಲಸ ಮಾಡುವವರನ್ನು ಕೇಳಿ. ತಪ್ಪು ಹುಡುಕುವ ದನಿಯಲ್ಲಿ ಕೇಳಬೇಡಿ. ಚಿತ್ರ ಮುಂದಿಟ್ಟು "ಇದು ಎಲ್ಲಿ ಹೋಗಿರಬಹುದು?" ಅಂತ ಕೇಳಿ.

ಮೊದಲ ಉತ್ತರ ಕಾಕಿಯಿಂದ ಬಂತು. "ಆ ಜಾತ್ರಿ ವ್ಯಾಪಾರದವ್ರು ಬಂದು ರೊಕ್ಕಾ ಕೊಟ್ಟು ಇಡಿ ಕಾಯಿ ಒಯ್ದ್ರಲ್ಲಾ?" ಹೌದು, ಆ ದಿನದ ನಗದು ಪುಸ್ತಕದಲ್ಲಿ ರೂಪಾಯಿ ಇತ್ತು, ಕಿಲೋ ಇರಲಿಲ್ಲ. ದರದಿಂದ ಭಾಗಿಸಿದರೆ 200 ಕಿಲೋ. ಇಡಿ ಕಾಯಿ ಮಾರಾಟ 1,500 ಹೋಗಿ 1,700 ಆಯಿತು.

ಉಳಿದ 160 ಕಿಲೋ ನಮ್ಮನ್ನು ಎರಡು ದಿನ ಸತಾಯಿಸಿತು. ಕೊನೆಗೆ ತೂಕದ ಕಾಟದ ಹತ್ತಿರ ನಿಂತಾಗ ಗೊತ್ತಾಯಿತು. ಒಣಗಿಸಿದ ಕಾಯಿ ಪಡಸಾಲೆಗೆ ಹೋಗುವಾಗ ಗೋಣಿಚೀಲ ಸಮೇತ ತೂಗುತ್ತಿದ್ದರು. ಪಡಸಾಲೆಯಿಂದ ಹೊರಬರುವಾಗ ಬರೀ ಕಾಯಿ ತೂಗುತ್ತಿದ್ದರು. 200 ಚೀಲ, ಒಂದೊಂದು ಖಾಲಿ ಚೀಲ 800 ಗ್ರಾಂ. ಸರಿಯಾಗಿ 160 ಕಿಲೋ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಪಡಸಾಲೆಗೆ ನಿಜವಾಗಿ ಹೋದದ್ದು 7,440 ಕಿಲೋ ಅಂದಮೇಲೆ ಗೋದಾಮಿನ ಲೆಕ್ಕ ತಪ್ಪಿತು. ಅಲ್ಲಿಯವರೆಗೆ ಸೊನ್ನೆ ತೋರಿಸುತ್ತಿದ್ದ ನಿಲ್ದಾಣ! ಕಾರಣ ಏನೆಂದರೆ, "ಒಣಗಿ ಹೋದ ತೇವ 400" ಅನ್ನುವುದನ್ನು ಯಾರೂ ಅಳೆದಿರಲಿಲ್ಲ. 8,000ದಲ್ಲಿ 7,600 ಕಳೆದು ಬರೆದಿದ್ದರು. ಹಾಗಾಗಿ ಚೀಲದ ತೂಕದ ತಪ್ಪು ತೇವದ ಅಂಕಿಯೊಳಗೆ ಅಡಗಿ ಕೂತಿತ್ತು. ನಿಜವಾದ ತೇವ 560 ಕಿಲೋ, ಅಂದರೆ 8,000ಕ್ಕೆ 7 ಪರ್ಸೆಂಟ್. 5 ಪರ್ಸೆಂಟ್ ಅಂದುಕೊಂಡು ಕಾಕಾ ದರ ಕಟ್ಟುತ್ತಿದ್ದರು.

ಅದಕ್ಕೇ ಹೇಳುವುದು, ಕಳೆದು ಬರೆದ ಅಂಕಿ ಮತ್ತು ತೂಗಿ ಬರೆದ ಅಂಕಿ ಬೇರೆ ಬೇರೆ ಅಂತ ಟೇಬಲ್‌ನಲ್ಲಿ ಗುರುತು ಹಾಕಿಕೊಳ್ಳಿ. ನಾನು ನಾಲ್ಕನೇ ಕಾಲಂ ಒಂದನ್ನು ಅದಕ್ಕೇ ಇಟ್ಟಿದ್ದೇನೆ: "ತೂಗಿದ್ದು" ಅಥವಾ "ಕಳೆದದ್ದು". ಕಳೆದು ಬರೆದ ಅಂಕಿ ಇರುವ ನಿಲ್ದಾಣ ಯಾವಾಗಲೂ ಸೊನ್ನೆ ತೋರಿಸುತ್ತದೆ. ಆ ಸೊನ್ನೆಯನ್ನು ನಂಬಬೇಡಿ.

ಚಿತ್ರ ಬಿಡಿಸುವುದು ಹತ್ತು ನಿಮಿಷದ ಕೆಲಸ

ಎಕ್ಸೆಲ್‌ನ ಮಾಮೂಲಿ ಚಾರ್ಟ್ ಪಟ್ಟಿಯಲ್ಲಿ ಸ್ಯಾಂಕಿ ಇಲ್ಲ. ಹೊಸಬರಿಗೆ ನಾನು ಹೇಳುವುದು ಸ್ಯಾಂಕಿಮ್ಯಾಟಿಕ್. ಬ್ರೌಸರಿನಲ್ಲಿ ತೆರೆಯುವ ಉಚಿತ ಸಾಧನ. ಅಲ್ಲಿನ ಖಾಲಿ ಚೌಕದಲ್ಲಿ ಒಂದೊಂದು ಹರಿವನ್ನು ಒಂದೊಂದು ಸಾಲಿನಲ್ಲಿ ಹೀಗೆ ಬರೆಯಬೇಕು:

ಮಾರುಕಟ್ಟೆ [7200] ಗೋದಾಮು
ರೈತರಿಂದ ನೇರ [2800] ಗೋದಾಮು
ಗೋದಾಮು [2000] ಕೋಲ್ಡ್ ಸ್ಟೋರೇಜ್
ಗೋದಾಮು [560] ಒಣಗಿ ಹೋದ ತೇವ
ಗೋದಾಮು [7440] ಪಡಸಾಲೆ

ಹೀಗೇ ಕೊನೆವರೆಗೆ. ಅಂಕಿಯಲ್ಲಿ ಅಲ್ಪವಿರಾಮ ಹಾಕದೇ ಬರೆಯಿರಿ. ಕನ್ನಡ ಹೆಸರುಗಳು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆ. ಒಂದು ನಿಲ್ದಾಣಕ್ಕೆ ಬಣ್ಣ ಕೊಡಬೇಕಾದರೆ ಹೆಸರಿನ ಮುಂದೆ ಕೋಲನ್ ಹಾಕಿ, ಕೊನೆಗೆ ಬಣ್ಣದ ಸಂಖ್ಯೆ:

:ಒಣಗಿ ಹೋದ ತೇವ #990000

ಮುಗಿದ ಮೇಲೆ ಚಿತ್ರವನ್ನು ಇಳಿಸಿಕೊಳ್ಳಬಹುದು. ಬಂದದ್ದು-ಹೋದದ್ದು ಸರಿಹೋಗದ ನಿಲ್ದಾಣಗಳನ್ನು ಈ ಸಾಧನವೂ ಎತ್ತಿ ತೋರಿಸುತ್ತದೆ. ಆದರೂ ಶೀಟಿನಲ್ಲಿ ಮೊದಲೇ ತಾಳೆ ನೋಡಿರುವುದು ವಾಸಿ. ಗ್ರಾಹಕರ ಹೆಸರನ್ನು ಮಾತ್ರ ಇಂಥ ಯಾವ ಆನ್‌ಲೈನ್ ಸಾಧನದಲ್ಲೂ ಹಾಕಬೇಡಿ. "ಹುಬ್ಬಳ್ಳಿ ಅಂಗಡಿಗಳು" ಅಂದರೆ ಸಾಕು.

ಆಫೀಸಿನಲ್ಲಿ ಪವರ್ ಬಿಐ ಅನ್ನುವ ಮೈಕ್ರೋಸಾಫ್ಟ್‌ನ ಚಾರ್ಟ್ ಸಾಫ್ಟ್‌ವೇರ್ ಇದ್ದರೆ ಸ್ಯಾಂಕಿ ವಿಶುವಲ್ ಅನ್ನು ಹೊರಗಿನಿಂದ ಸೇರಿಸಿಕೊಂಡು, ಇದೇ ಮೂರು ಕಾಲಂ ಕೊಟ್ಟರೆ ಮುಗಿಯಿತು. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರಿಗೆ ಪ್ಲಾಟ್ಲಿ ಅನ್ನುವ ಚಾರ್ಟ್ ಲೈಬ್ರರಿ ಇದೆ. ಅದರಲ್ಲಿ ನಿಲ್ದಾಣಗಳನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯಬೇಕು, ಎಣಿಕೆ ಸೊನ್ನೆಯಿಂದ ಶುರು. ಒಂದರಿಂದ ಎಣಿಸಿದರೆ ಎಲ್ಲಾ ಪಟ್ಟಿಗಳೂ ಪಕ್ಕದ ಮನೆಗೆ ಹೋಗಿ ಸೇರುತ್ತವೆ.

ಬಣ್ಣ, ಸಾಲು, ಹೆಸರು

ಸಾಫ್ಟ್‌ವೇರ್ ತಾನಾಗಿ ಕೊಡುವ ಬಣ್ಣಗಳು ಕಾಮನಬಿಲ್ಲಿನ ಹಾಗೆ ಇರುತ್ತವೆ. ಎಲ್ಲವನ್ನೂ ಬೂದು ಮಾಡಿ. ಪ್ರಶ್ನೆಗೆ ಉತ್ತರ ಕೊಡುವ ಒಂದೆರಡು ಪಟ್ಟಿಗೆ ಮಾತ್ರ ಬಣ್ಣ ಕೊಡಿ. ಮೆಣಸಿನಕಾಯಿ ಅಂತ ಕಾಕಾ ಎಲ್ಲವೂ ಕೆಂಪು ಇರಲಿ ಅಂದರು. ನಾನು ಒಪ್ಪಲಿಲ್ಲ. ತೇವ, ತೊಟ್ಟು, ಕಸ, ಗಿರಣಿಯಲ್ಲಿ ಹಾರಿದ್ದು, ಈ ನಾಲ್ಕೇ ಕೆಂಪಾದವು. ಕೂಡಿದರೆ 1,360 ಕಿಲೋ. ಅದನ್ನು ಒಂದೇ ನೋಟಕ್ಕೆ ಕಾಣಿಸುವುದೇ ಉದ್ದೇಶವಾಗಿತ್ತು.

ನಷ್ಟದ ಪಟ್ಟಿಗಳನ್ನೆಲ್ಲ ಕೆಳಗೆ ಎಳೆದಿಡಿ, ಮುಖ್ಯ ಹರಿವು ಮೇಲೆ ನೇರವಾಗಿ ಸಾಗಲಿ. ಪಟ್ಟಿಗಳು ಒಂದರ ಮೇಲೊಂದು ಹಾಯ್ದರೆ ಓದುವುದು ಕಷ್ಟ. ಪ್ರತಿ ಹೆಸರಿನ ಪಕ್ಕ ಅಂಕಿ ಇರಲೇಬೇಕು, ಯಾಕೆಂದರೆ ದೂರ ದೂರ ಇರುವ ಎರಡು ಪಟ್ಟಿಗಳ ಅಗಲ ಹೋಲಿಸುವುದು ಕಣ್ಣಿಗೆ ಆಗದ ಕೆಲಸ. ಸಣ್ಣ ಸಣ್ಣ ಹರಿವು ಬಹಳ ಇದ್ದರೆ ಒಂದೇ ಗುಂಪಿಗೆ ಸೇರಿಸಿ. ನನ್ನ ಅನುಭವದಲ್ಲಿ ಇಪ್ಪತ್ತು ಪಟ್ಟಿ ದಾಟಿದರೆ ನೋಡುವವರು ಸುಮ್ನೆ ತಲೆ ಆಡಿಸುತ್ತಾರೆ, ಓದುವುದಿಲ್ಲ.

ರೂಪಾಯಿಗೆ ಬೇರೆ ಚಿತ್ರ

ಕಿಲೋ ಚಿತ್ರ ಮುಗಿದ ಮೇಲೆ ಹಣದ ಚಿತ್ರ ಮಾಡಿ. ಎಡಗಡೆ ಆದಾಯದ ಮೂಲಗಳು, ನಡುವೆ ಒಟ್ಟು ಆದಾಯ, ಬಲಗಡೆ ಕಾಯಿಯ ಖರೀದಿ, ದಲಾಲಿ, ಹಮಾಲಿ, ಬಿಡಿಸುವ ಕೂಲಿ, ಕರೆಂಟ್, ಬಾಡಿಗೆ, ಬಡ್ಡಿ, ಕೊನೆಗೆ ಲಾಭ. ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅನ್ನುವುದನ್ನು ಮೊದಲೇ ನಿರ್ಧರಿಸಿ, ಎಲ್ಲಾ ಸಾಲಿಗೂ ಅದನ್ನೇ ಪಾಲಿಸಿ.

ನಷ್ಟ ಆದ ತಿಂಗಳು ಏನು ಮಾಡಬೇಕು? ಮೈನಸ್ ಅಗಲದ ಪಟ್ಟಿ ಅನ್ನುವುದು ಇಲ್ಲ. ಆದಾಯ 5,00,000, ಖರ್ಚು 5,40,000 ಅಂತ ಇಟ್ಟುಕೊಳ್ಳಿ. ಕೊರತೆಯ 40,000 ಎಲ್ಲಿಂದಲೋ ಬಂದೇ ಬಂದಿರಬೇಕು. ಕೈಯಿಂದ ಹಾಕಿದ್ದೋ, ಸಾಲ ತಂದದ್ದೋ. ಅದನ್ನು ಎಡಗಡೆ ಒಂದು ಮೂಲವಾಗಿ ತೋರಿಸಿ. ಹೀಗೆ ಬಿಡಿಸಿದರೆ ನಷ್ಟವನ್ನು ಯಾರು ತುಂಬಿದರು ಅನ್ನುವುದೂ ಕಾಣುತ್ತದೆ.

ಮಾಲು ವಾಪಸ್ ಬರುವ ವ್ಯಾಪಾರದಲ್ಲಿ ಇನ್ನೊಂದು ತೊಡಕು. ಅಂಗಡಿಯಿಂದ ತಿರುಗಿ ಬಂದ ಪುಡಿಯನ್ನು ಮತ್ತೆ "ಖಾರಪುಡಿ" ನಿಲ್ದಾಣಕ್ಕೇ ಜೋಡಿಸಿದರೆ ಹರಿವು ಗಾಣದೆತ್ತಿನ ಹಾಗೆ ಸುತ್ತುತ್ತದೆ, ಬಹಳ ಸಾಧನಗಳು ಅದನ್ನು ಬಿಡಿಸಲಾರವು. "ವಾಪಸ್ ಬಂದದ್ದು" ಅಂತ ಬಲಗಡೆ ಬೇರೆ ನಿಲ್ದಾಣ ಮಾಡಿ.

ಎಲ್ಲಕ್ಕೂ ಸ್ಯಾಂಕಿ ಬೇಡ. ಆರು ತಿಂಗಳ ದರ ಹೇಗೆ ಏರಿತು ಅನ್ನುವುದಕ್ಕೆ ಗೆರೆ ಚಾರ್ಟ್ ಸಾಕು. ಐದು ಅಂಗಡಿಗಳ ಮಾರಾಟ ಹೋಲಿಸಲು ಬಾರ್ ಚಾರ್ಟ್ ಇನ್ನೂ ಚೆನ್ನ. ಎರಡು ಮೂರು ಹಂತ ದಾಟಿ ಹೋಗುವ, ನಡುವೆ ಸೋರುವ ಮಾಲಿಗೆ ಮಾತ್ರ ಇದು. ಧಾರವಾಡದ ಪೇಡೆ ಮಾಡುವವರು ಹಾಲಿನ ಲೆಕ್ಕ ಹೀಗೆ ಬಿಡಿಸಿದರೆ ಎಲ್ಲಕ್ಕಿಂತ ದಪ್ಪ ಪಟ್ಟಿ ಆವಿಯಾಗಿ ಹೋದ ನೀರಿನದೇ ಆಗಿರುತ್ತದೆ. ನೋಡಲು ವಿಚಿತ್ರ ಅನ್ನಿಸಿದರೂ ಅದು ಸರಿ. ಖೋವಾ ಅಂದರೆ ನೀರು ತೆಗೆದ ಹಾಲೇ ತಾನೇ.

ಎರಡು ತಿಂಗಳು ಪಕ್ಕಪಕ್ಕ ಇಡುವಾಗ

ಸಾಫ್ಟ್‌ವೇರ್ ಪ್ರತಿ ಚಿತ್ರವನ್ನೂ ಹಾಳೆ ತುಂಬ ಹಿಗ್ಗಿಸುತ್ತದೆ. ಫೆಬ್ರವರಿಯ 10,000 ಕಿಲೋ, ಮಾರ್ಚಿನ 5,000 ಕಿಲೋ ಎರಡೂ ಒಂದೇ ಎತ್ತರ ಕಾಣುತ್ತವೆ. ಹಾಗೇ ಪಕ್ಕಪಕ್ಕ ಇಟ್ಟರೆ ನೋಡುವವರಿಗೆ ಮೋಸವಾಗುತ್ತದೆ. ಮಾರ್ಚಿನ ಚಿತ್ರದ ಎತ್ತರವನ್ನು ಅರ್ಧಕ್ಕೆ ಇಳಿಸಿ, ಒಂದು ಸೆಂಟಿಮೀಟರಿಗೆ ಎಷ್ಟು ಕಿಲೋ ಅನ್ನುವುದು ಎರಡರಲ್ಲೂ ಒಂದೇ ಆಗುವ ಹಾಗೆ ಮಾಡಿ. ಪಟ್ಟಿಗಳ ನಡುವಿನ ಖಾಲಿ ಜಾಗವೂ ಎತ್ತರದಲ್ಲಿ ಸೇರುವುದರಿಂದ, ಕೊನೆಗೆ ಸ್ಕೇಲ್ ಹಿಡಿದು ಒಂದೆರಡು ಪಟ್ಟಿ ಅಳೆದು ನೋಡಿ. ನಿಲ್ದಾಣಗಳ ಸಾಲು, ಬಣ್ಣ ಎರಡೂ ತಿಂಗಳಿಗೆ ಅದೇ ಇರಲಿ.

ಕಾಕಾನ ಎರಡೂ ಚಿತ್ರಗಳನ್ನು ಹುಬ್ಬಳ್ಳಿಯಲ್ಲಿ ಎ3 ಹಾಳೆಗೆ ಪ್ರಿಂಟ್ ಹಾಕಿಸಿ ಕಳಿಸಿದೆ. ಅವರು ಅದನ್ನು ಆಫೀಸಿನ ಕೋಣೆಯಲ್ಲಿ ಹಾಕಿಲ್ಲ, ತೂಕದ ಕಾಟದ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಪಕ್ಕದ ಮೊಳೆಗೆ ತೂಗುಹಾಕಿದ ರಿಜಿಸ್ಟರಿನಲ್ಲಿ ಈಗ "ಖಾಲಿ ಚೀಲ" ಅನ್ನುವ ಹೊಸ ಕಾಲಂ ಇದೆ, ಪೆನ್ಸಿಲಿನಲ್ಲಿ ಗೆರೆ ಎಳೆದದ್ದು.